ಶೇ. 99 ಶುದ್ಧ ಅಂದರೆ ಸಾಲದು, ಗ್ರಾಫ್ ತೋರಿಸಿ

ಸಂಪಾದಕರೇ,

ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಹೊಸ ಸಂಯುಕ್ತ ತಯಾರಿಸಿದರು, ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಕ್ಯಾನ್ಸರ್ ಕೋಶದ ಮೇಲೂ ಕೆಲಸ ಮಾಡುತ್ತದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಲು ಖುಷಿಯೇ. ಆದರೆ ಆ ಪುಡಿ ಎಷ್ಟು ಶುದ್ಧವಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಎಷ್ಟೋ ಪ್ರಬಂಧಗಳಲ್ಲಿ ‘ಎಚ್‌ಪಿಎಲ್‌ಸಿ ಶುದ್ಧತೆ ಶೇ. 99’ ಎಂದು ಒಂದೇ ಸಾಲು (ಎಚ್‌ಪಿಎಲ್‌ಸಿ ಎಂದರೆ ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ). ಯಾವ ದ್ರಾವಕ, ಯಾವ ತರಂಗಾಂತರ, ಎಷ್ಟು ನಿಮಿಷ ಓಡಿಸಿದರು, ಒಂದೂ ಇಲ್ಲ. ಬೈಕಂಪಾಡಿ ಕಡೆಯ ಲ್ಯಾಬೊಂದರಲ್ಲಿ ದಿನಾ ಇದೇ ಕೆಲಸ ಮಾಡುವ ನನಗೆ ಆ ಸಾಲು ನೋಡಿದರೆ ಸಿಟ್ಟು ಬರುತ್ತದೆ.

ವಿಷಯ ಸರಳ. ಸ್ಯಾಂಪಲ್ಲನ್ನು ದ್ರಾವಕದ ಜೊತೆ ಕಾಲಮ್ ಎಂಬ ಕೊಳವೆಯಲ್ಲಿ ಹರಿಸುತ್ತಾರೆ; ಹೊರಬರುವ ಪ್ರತಿ ವಸ್ತು ಎಷ್ಟು ಬೆಳಕು ಹೀರಿತು ಎಂದು ಡಿಟೆಕ್ಟರ್ ಅಳೆದು ಗ್ರಾಫಿನಲ್ಲಿ ಒಂದು ಶಿಖರ, ಅಂದರೆ ಪೀಕ್, ಬರೆಯುತ್ತದೆ. ಕಾಲಮ್ಮಿನ ಒಳಗೆ ಸಿಲಿಕಾದ ಸಣ್ಣ ಕಣಗಳಿರುತ್ತವೆ, ಅವಕ್ಕೆ 18 ಇಂಗಾಲದ ಸರಪಳಿ ಅಂಟಿಸಿರುತ್ತಾರೆ. ಎಣ್ಣೆ ಗುಣದ ಅಣುಗಳು ಅದಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ನೀರನ್ನು ಇಷ್ಟಪಡುವವು ಬೇಗ ಹೊರಬರುತ್ತವೆ. ಶುರುವಿನಿಂದ ಕೊನೆವರೆಗೆ ಒಂದೇ ಮಿಶ್ರಣ, ಅಂದರೆ 80 ಭಾಗ ಮೆಥನಾಲ್, 20 ಭಾಗ ನೀರು ಹರಿಸಿ ಹತ್ತು ನಿಮಿಷಕ್ಕೆ ನಿಲ್ಲಿಸಿದರೆ ಏನಾಗುತ್ತದೆ? ಬೇಗ ಬರುವ ಕಲ್ಮಶಗಳೆಲ್ಲ ಮೊದಲಲ್ಲೇ ಒಂದರ ಮೇಲೊಂದು ಬಿದ್ದು ಬರುತ್ತವೆ. ಗಟ್ಟಿಯಾಗಿ ಅಂಟಿದವು ಒಳಗೇ ಉಳಿಯುತ್ತವೆ, ಇಲ್ಲವೇ ಮುಂದಿನವರ ಸ್ಯಾಂಪಲ್ಲಿನಲ್ಲಿ ಅಗಲವಾದ ಗುಡ್ಡದ ಹಾಗೆ ಎದ್ದು ಅವರ ತಲೆ ಕೆಡಿಸುತ್ತವೆ. ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ಹೊರಟ ಬಸ್ಸಿನಲ್ಲಿ ಎಷ್ಟು ಜನ ಇದ್ದರು ಎಂದು ಲಾಲ್‌ಬಾಗಿನಲ್ಲಿ, ದಾರಿ ನಡುವೆಯೇ, ಇಳಿದವರನ್ನು ಮಾತ್ರ ಎಣಿಸಿ ಹೇಳಿದ ಹಾಗಾಯಿತು, ಅಲ್ವಾ?

ಮಿಶ್ರಣವನ್ನು ಮೆಲ್ಲಗೆ ಬದಲಿಸುತ್ತಾ ಹೋಗುವ ಗ್ರೇಡಿಯೆಂಟ್ ಮಾಡುವುದು ಇದಕ್ಕೇ. ಹೆಚ್ಚುಕಡಿಮೆ ನೀರಿನಲ್ಲೇ ಶುರು ಮಾಡಿ, ಅಸಿಟೊನೈಟ್ರೈಲ್ ಎಂಬ ದ್ರಾವಕವನ್ನು ಶೇ. 5ರಿಂದ 95ರವರೆಗೆ 20 ನಿಮಿಷದಲ್ಲಿ ಏರಿಸುತ್ತಾ ಹೋಗಿ, ಅಲ್ಲೇ ಐದು ನಿಮಿಷ ನಿಲ್ಲಿಸಿದರೆ ಒಳಗಿದ್ದದ್ದು ಬಹುತೇಕ ಎಲ್ಲ ಹೊರಬರುತ್ತದೆ. ಚೂಪಾಗಿಯೂ ಬರುತ್ತದೆ.

ತರಂಗಾಂತರದ ಆಟ ಇನ್ನೂ ಜಾಸ್ತಿ. ಚಾಲ್ಕೋನ್ ಎಂಬ ಸಂಯುಕ್ತ ನಮ್ಮ ಎಂಎಸ್ಸಿ ಲ್ಯಾಬುಗಳ ಅಚ್ಚುಮೆಚ್ಚು. ಬೆಂಜಾಲ್ಡಿಹೈಡ್, ಅಸಿಟೋಫಿನೋನ್, ಸ್ವಲ್ಪ ಕ್ಷಾರ ಹಾಕಿ ಆಲ್ಕೋಹಾಲಿನಲ್ಲಿ ಕಲಕಿದರೆ ಹಳದಿ ಹರಳು ಸಿಗುತ್ತದೆ. ಈ ಹರಳು 310 ನ್ಯಾನೋಮೀಟರ್ ಹತ್ತಿರ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಆದರೆ ಉಳಿದುಹೋದ ಕಚ್ಚಾವಸ್ತುಗಳು ಜೋರಾಗಿ ಹೀರುವುದು 250ರ ಆಸುಪಾಸಿನಲ್ಲಿ. ಡಿಟೆಕ್ಟರನ್ನು 310ಕ್ಕೆ ಇಟ್ಟರೆ ಉತ್ಪನ್ನ ಮಾತ್ರ ಎತ್ತರಕ್ಕೆ ಕಾಣುತ್ತದೆ, ಕಸ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಸುಮ್ನೆ ಬಂತು ಶೇ. 99! ಅದಕ್ಕೆ ಕನಿಷ್ಠ ಎರಡು ತರಂಗಾಂತರದಲ್ಲಿ ನೋಡಬೇಕು, 254ರಲ್ಲಿ ಒಮ್ಮೆ, 210 ಅಥವಾ 220ರಲ್ಲಿ ಇನ್ನೊಮ್ಮೆ. ಅದೂ ಪೀಕಿನ ವಿಸ್ತೀರ್ಣದ ಶೇಕಡಾವಾರು ಮಾತ್ರ, ತೂಕದ್ದಲ್ಲ. ಉಪ್ಪು, ನೀರು, ಮೊದಲು ಶುದ್ಧೀಕರಿಸಲು ಬಳಸಿದ ಕಾಲಮ್ಮಿನಿಂದ ಬಂದ ಸಿಲಿಕಾ ಪುಡಿ, ಇವು ಯಾವುವೂ ಯುವಿ (ನೇರಳಾತೀತ ಬೆಳಕಿನ) ಡಿಟೆಕ್ಟರಿಗೆ ಕಾಣುವುದಿಲ್ಲ. ನಮ್ಮ ಆಟಿ ತಿಂಗಳ ಹವೆಯಲ್ಲಿ ತೇವ ಹೀರುವ ಪುಡಿಯೊಂದನ್ನು ಬಾಟಲಿ ಮುಚ್ಚದೆ ಇಟ್ಟರೆ ತೂಕ ಏರುತ್ತದೆ, ಗ್ರಾಫಿನಲ್ಲಿ ಶುದ್ಧತೆ ಮಾತ್ರ ಇದ್ದಷ್ಟೇ ಇರುತ್ತದೆ. ಮಳೆಗಾಲದಲ್ಲಿ ತೂಗಿ ಟೆಸ್ಟಿಗೆ ಕಳಿಸುವವರು ಕಾರ್ಲ್ ಫಿಷರ್ ವಿಧಾನದಲ್ಲಿ ನೀರಿನಂಶವನ್ನೂ ಅಳೆಯುವುದು ಒಳ್ಳೆಯದು.

ಎನ್‌ಎಂಆರ್ ತೆಗೆದಿದ್ದೇವಲ್ಲ, ಅದು ಸಾಲದೇ ಎನ್ನುವವರಿದ್ದಾರೆ. ಅಣುವಿನ ರಚನೆ ಸರಿ ಇದೆಯೋ ಎಂದು ತಿಳಿಯಲು ಅದು ಬೇಕೇ ಬೇಕು. ಆದರೆ ಮಾಮೂಲಿಯಾಗಿ ತೆಗೆದ ಎನ್‌ಎಂಆರಿನಲ್ಲಿ ಒಂದೆರಡು ಶೇಕಡಾ ಕಲ್ಮಶ ಸುಲಭವಾಗಿ ಕಣ್ತಪ್ಪಿಸಿಕೊಳ್ಳುತ್ತದೆ. ಆ ಒಂದೆರಡು ಶೇಕಡಾವೇ ಬ್ಯಾಕ್ಟೀರಿಯಾ ಕೊಂದಿರಬಹುದು! ‘ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿ’ ಪರೀಕ್ಷೆಗೆ ಒಳಪಡಿಸುವ ಸಂಯುಕ್ತ ಕನಿಷ್ಠ ಶೇ. 95 ಶುದ್ಧವಿರಬೇಕು ಎನ್ನುವುದು ಸುಮ್ನೆ ಅಲ್ಲ. ಔಷಧಿಯ ಲೆಕ್ಕ ಇನ್ನೂ ಬಿಗಿ. ದಿನಕ್ಕೆ 2 ಗ್ರಾಂವರೆಗೆ ತೆಗೆದುಕೊಳ್ಳುವ ಔಷಧವಸ್ತುವಿನಲ್ಲಿ ಶೇ. 0.05ಕ್ಕಿಂತ ಜಾಸ್ತಿ ಇರುವ ಕಲ್ಮಶವನ್ನು ವರದಿ ಮಾಡಲೇಬೇಕು.

ಖರ್ಚಿನ ಮಾತು ಬರುತ್ತದೆ, ಗೊತ್ತು. ಅಸಿಟೊನೈಟ್ರೈಲ್ ದುಬಾರಿ. ಆದರೆ ನಿಮಿಷಕ್ಕೆ 1 ಮಿಲಿಲೀಟರ್ ಹರಿಸಿದರೆ ಮೇಲೆ ಹೇಳಿದ ಓಟಕ್ಕೆ ತಗಲುವುದು 15 ಮಿಲಿಲೀಟರ್ ಆಸುಪಾಸು. ಎರಡು ವರ್ಷ ದುಡಿದು ಮಾಡಿದ ಸಂಯುಕ್ತಕ್ಕೆ ಅಷ್ಟೂ ಹಾಕಬಾರದೇ? ಒಂದೇ ಪಂಪಿನ ಹಳೇ ಮೆಷಿನ್ ಇರುವವರು ಕನಿಷ್ಠ ಎರಡು ಓಟ ಮಾಡಲಿ, ಒಂದು ನೀರು ಜಾಸ್ತಿ ಇಟ್ಟು, ಇನ್ನೊಂದು ನೀರು ಕಡಿಮೆ ಇಟ್ಟು. ಇಲ್ಲವಾದರೆ ಕೊಣಾಜೆಯಿಂದ ಮಣಿಪಾಲದವರೆಗೆ ಇಷ್ಟು ಲ್ಯಾಬುಗಳಿವೆ, ಒಬ್ಬರ ಮೆಷಿನ್ನಿನಲ್ಲಿ ಇನ್ನೊಬ್ಬರ ಸ್ಯಾಂಪಲ್ ಓಡಿಸಲು ಒಂದು ಏರ್ಪಾಡು ಮಾಡಿಕೊಳ್ಳಬಹುದು.

ಗೈಡುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಪ್ರಬಂಧದ ಕೊನೆಗೆ ಪ್ರತಿ ಸಂಯುಕ್ತದ ಗ್ರೇಡಿಯೆಂಟ್ ಗ್ರಾಫ್ ಎರಡು ತರಂಗಾಂತರದಲ್ಲಿ ಹಾಕಿಸಿ. ಅದರ ಜೊತೆ ಬ್ಲ್ಯಾಂಕ್, ಅಂದರೆ ಬರೀ ದ್ರಾವಕ ಚುಚ್ಚಿ ಅದೇ ಗ್ರೇಡಿಯೆಂಟಿನಲ್ಲಿ ಓಡಿಸಿದ್ದು, ಅದೂ ಇರಲಿ. ಏಕೆಂದರೆ ನೀರು ಸರಿ ಇಲ್ಲದಿದ್ದರೆ ಅದರ ಕೊಳೆ ಕಾಲಮ್ಮಿನ ತುದಿಯಲ್ಲಿ ಕೂತು, ಅಸಿಟೊನೈಟ್ರೈಲ್ ಏರಿದಾಗ ಪೀಕಾಗಿ ಏಳುತ್ತದೆ. ಬ್ಲ್ಯಾಂಕ್ ಪಕ್ಕದಲ್ಲಿ ಇಲ್ಲದಿದ್ದರೆ ನೀರಿನ ಕೊಳೆ ಯಾವುದು, ಹುಡುಗರ ಸಂಯುಕ್ತದ ಕೊಳೆ ಯಾವುದು ಎಂದು ಪರೀಕ್ಷಕರಿಗೆ ಹೇಗೆ ಗೊತ್ತಾಗಬೇಕು?

– ಕೆಮಿಸ್ಟ್ ಓದುಗ, ಸುರತ್ಕಲ್