ಮೂರನೆಯ ಗೆರೆ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಕರಡನ್ನು ಎರಡು ಸಲ ಓದಿದೆ. ಶರಾವತಿ ಹಿನ್ನೀರಿನ ದಡದ ಮೇಘನಾ, ಜೊತೆಯಲ್ಲಿ ಪಿಯುಸಿ ಓದುವ ರವಿ, ಮುಳುಗಿದ ಊರಿನಿಂದ ಎದ್ದುಬರುವ ಹದಿನೇಳರ ದೆವ್ವ ಅನಂತ. ಮೂವರೂ ಚೆನ್ನಾಗಿ ಮೂಡಿದ್ದಾರೆ. ಆದರೆ ತ್ರಿಕೋನ ಇನ್ನೂ ಆಗಿಲ್ಲ. ಮೇಘನಾಳಿಂದ ಅನಂತನಿಗೊಂದು ಗೆರೆ, ರವಿಗೊಂದು ಗೆರೆ. ಆ ಇಬ್ಬರು ಹುಡುಗರ ನಡುವೆ ಮಾತ್ರ ಏನೂ ಇಲ್ಲ. 30 ಅಧ್ಯಾಯಗಳಲ್ಲಿ ಅವರು ಎದುರಾಗುವುದು ಒಂದೇ ಸಲ, 28ರಲ್ಲಿ, ಅದೂ ಹೊಡೆದಾಡಲು. ಹಾಗಾಗಿ ಕಥೆ ‘ಇವನೋ ಅವನೋ’ ಎಂದು ಜೋಕಾಲಿ ಆಡುತ್ತದೆ. ಹತ್ತು ಅಧ್ಯಾಯ ಜೀಕಿದ ಮೇಲೆ ಓದುವವರಿಗೆ ಸಾಕಾಗುತ್ತದೆ.

ಬೇಕಾದ ಗೆರೆ ನಿನ್ನ ಕರಡಿನೊಳಗೇ ಬಿದ್ದುಕೊಂಡಿದೆ. ಊರನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅನಂತ ಸತ್ತದ್ದು ಅದರ ಹಿಂದಿನ ಮಳೆಗಾಲದಲ್ಲಿ ಎಂದು ಬರೆದಿದ್ದೀಯ. ರವಿಯ ಅಜ್ಜ ಮುಳುಗಡೆಯಲ್ಲಿ ಊರು ಬಿಟ್ಟು ಬಂದವರು ಎಂದೂ ಬರೆದಿದ್ದೀಯ. ಅನಂತನನ್ನು ಆ ಅಜ್ಜನ ಅಣ್ಣನನ್ನಾಗಿ ಮಾಡಿ ನೋಡು. ಅಣ್ಣನಿಗೆ ಇನ್ನೂ ಹದಿನೇಳು, ತಮ್ಮನಿಗೆ ಎಪ್ಪತ್ತು ದಾಟಿದೆ. ರವಿಯ ಮನೆಯಲ್ಲಿ ಹಕ್ಕುಪತ್ರಕ್ಕಾಗಿ ಕಚೇರಿ ಅಲೆದ ಕಾಗದಗಳ ಕಟ್ಟಿದೆ. ಅನಂತನಿಗೆ ಹಳೆಯ ಮನೆಯ ಹೊಸ್ತಿಲು ಬಿಡಲಾಗದು. ಮೇಘನಾ ಯಾರ ಕಡೆ ಒಂದು ಹೆಜ್ಜೆ ಇಟ್ಟರೂ ಅದು ಆ ಮನೆಯ ಮೂರು ತಲೆಮಾರನ್ನು ಮುಟ್ಟುತ್ತದೆ. ರವಿಗೆ ಹೊಟ್ಟೆಕಿಚ್ಚು ಬರಲಿ, ಬೇಡವೆನ್ನುವುದಿಲ್ಲ. ಆದರೆ ಯಾರ ಮೇಲೆ ಹೊಟ್ಟೆಕಿಚ್ಚೋ ಅವನೇ ದೊಡ್ಡಜ್ಜ ಎಂದು ತಿಳಿದಾಗ ಅವನು ಏನು ಮಾಡುತ್ತಾನೆ? ನಿನ್ನ ಕಾದಂಬರಿ ಅಲ್ಲಿದೆ.

ಇನ್ನು ಅನಂತನ ಶಕ್ತಿಗಳು. 6ನೇ ಅಧ್ಯಾಯದಲ್ಲಿ ಗೋಡೆ ದಾಟುತ್ತಾನೆ, 9ರಲ್ಲಿ ಮನಸ್ಸು ಓದುತ್ತಾನೆ, 14ರಲ್ಲಿ ಕಾಲವನ್ನೇ ನಿಲ್ಲಿಸುತ್ತಾನೆ. ಇಷ್ಟೆಲ್ಲ ಬಲ್ಲವನಿಗೆ ಕಷ್ಟ ಎಲ್ಲಿಂದ ಬರಬೇಕು? ಒಂದು ಹಾಳೆಯಲ್ಲಿ ಮೂರೇ ಸಾಲು ಬರೆದು ಮೇಜಿನ ಎದುರು ಅಂಟಿಸಿಕೋ: ಏನು ಮಾಡಬಲ್ಲ, ಏನು ಮಾಡಲಾರ, ಮೀರಿದರೆ ಏನು ಕಳೆದುಕೊಳ್ಳುತ್ತಾನೆ. ನಾಲ್ಕನೆಯ ಸಾಲು ಬೇಕೆನಿಸಿದರೆ ಹಿಂದಿನ ಮೂರರಲ್ಲಿ ಎಲ್ಲೋ ಸಡಿಲವಿದೆ. ನನ್ನ ಸಲಹೆ ಇದು: ಬೇಸಿಗೆಯಲ್ಲಿ ನೀರಿಳಿದು ಅವನ ಮನೆಯ ಹೊಸ್ತಿಲು ಕಾಣುವಷ್ಟು ದಿನ ಮಾತ್ರ ಅವನು ದಡಕ್ಕೆ ಬರಬಲ್ಲ. ನೀರು ತೀರಾ ಇಳಿದ ವರ್ಷ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟೇ ಮೇಲೆದ್ದು ಕಾಣುವ ಜಾಗವಿದು, ಓದುವವರು ನಂಬುತ್ತಾರೆ. ಮಳೆ ಹಿಡಿದರೆ ಅನಂತ ಹೋದ. ಅದೇ ಮಳೆಗಾಗಿ ರವಿಯ ಅಪ್ಪ ಒಣಗಿದ ಗದ್ದೆಯ ಬದುವಿನಲ್ಲಿ ನಿಂತು ಆಕಾಶ ನೋಡುತ್ತಿರುತ್ತಾನೆ. ಮೋಡ ಕವಿದಾಗ ಮೇಘನಾ ಏನನ್ನು ಬೇಡಿಕೊಳ್ಳಬೇಕು?

ಈ ನಿಯಮ ಬೇಕಾಗುವುದಕ್ಕೆ ಕನಿಷ್ಠ ಐದು ಅಧ್ಯಾಯ ಮೊದಲೇ ಅದು ಓದುವವರ ಕಿವಿಗೆ ಬಿದ್ದಿರಬೇಕು, ಅದೂ ಬೇರೆ ಯಾವುದೋ ಮಾತಿನ ನಡುವೆ. ಕೊನೆಯಲ್ಲಿ ತಟ್ಟನೆ ತಂದರೆ ಮೋಸವೆನಿಸುತ್ತದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದು. ಹಗಲಿನ ಗಂಡ ಅಪ್ಪಣ್ಣ, ರಾತ್ರಿ ಅವನದೇ ರೂಪದಲ್ಲಿ ಬರುವ ನಾಗ, ನಡುವೆ ರಾಣಿ. ಯಾಕೆ, ಏನು ಎಂದು ಅವಳು ಕೇಳುವಂತಿಲ್ಲ. ಆ ಒಂದು ಕಟ್ಟಳೆಯಿಂದಲೇ ಎಲ್ಲವೂ ಬೆಳೆಯುತ್ತದೆ. ಕೊನೆಗೆ ಹಾವನ್ನು ಕೈಯಲ್ಲಿ ಹಿಡಿದು, ಗಂಡನನ್ನೂ ಈ ನಾಗರವನ್ನೂ ಬಿಟ್ಟರೆ ಬೇರೆ ಯಾರನ್ನೂ ಮುಟ್ಟಿಲ್ಲವೆಂದು ಆಣೆಯಿಡುವಾಗ ಅವಳ ಮಾತು ಅಕ್ಷರಶಃ ನಿಜ.

ಕಥೆಯನ್ನು 2024ರ ಬೇಸಿಗೆಯಲ್ಲಿಡು. 2023ರಲ್ಲಿ ಮಳೆ ಕೈಕೊಟ್ಟಿತ್ತು. ಇನ್ನೊಂದು ಕಾರಣವೂ ಇದೆ: ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆಯಿತು. ನಿನ್ನ ಅತ್ಯುತ್ತಮ ದೃಶ್ಯ ಹಿನ್ನೀರು ದಾಟಿಸುವ ಲಾಂಚ್‌ಗೆ ಕಾಯುವಾಗ ನಡೆಯುತ್ತದೆ. ಸೇತುವೆ ಬಂದ ಮೇಲೆ ಹಾಗೆ ಕಾಯುವ ಕಾರಣ ಉಳಿಯುವುದಿಲ್ಲ.

ರವಿಗೆ ಅನ್ಯಾಯ ಮಾಡಿದ್ದೀಯ. ಮೊದಲ 12 ಅಧ್ಯಾಯಗಳಲ್ಲಿ ಮೂರು ಸಲ ಬರುತ್ತಾನೆ, ಮೂರು ಸಲವೂ ನಗೆಪಾಟಲಾಗುತ್ತಾನೆ. ಸೋಲುವುದು ಖಚಿತವಿರುವವನನ್ನು ಇಟ್ಟುಕೊಂಡು ಪೈಪೋಟಿ ನಡೆಸಲಾಗದು. ದೆವ್ವಕ್ಕೆ ಆಗದ ಒಂದು ಕೆಲಸ ಅವನಿಂದಾಗಲಿ. ಹಗಲು ಹೊತ್ತಿನಲ್ಲಿ ಅವಳ ಅಜ್ಜಿಯನ್ನು ಸಾಗರದ ಆಸ್ಪತ್ರೆಗೆ ಕರೆದೊಯ್ದು, ಚೀಟಿ ಮಾಡಿಸಿ, ಮಾತ್ರೆಯ ಪೊಟ್ಟಣಗಳ ಮೇಲೆ ‘ಬೆಳಿಗ್ಗೆ’, ‘ರಾತ್ರಿ’ ಎಂದು ಬರೆದುಕೊಡಲಿ. ಆ ಕೈಬರಹವನ್ನು ಮೇಘನಾ ನೋಡುವುದಕ್ಕೆ ಅರ್ಧ ಪುಟ ಕೊಡು. ಆಮೇಲೆ ಒಂದು ಪರೀಕ್ಷೆ ಮಾಡು: ಹೆಸರುಗಳನ್ನು ಮುಚ್ಚಿ ಇಬ್ಬರ ಮಾತನ್ನೂ ಓದು. ಯಾರದೆಂದು ತಿಳಿಯದ ಸಾಲನ್ನೆಲ್ಲ ಹೊಡೆದುಹಾಕು.

ಮಾತಿನ ವಿಷಯಕ್ಕೆ ಬಂದರೆ, ಅನಂತ ಎರಡನೆಯ ಪುಟದಲ್ಲೇ ಅವಳನ್ನು ‘ನೀನು’ ಎನ್ನುತ್ತಾನೆ, ‘ಓಕೆ’ ಎನ್ನುತ್ತಾನೆ. 1963ರ ಹುಡುಗ ಗುರುತಿಲ್ಲದ ಹುಡುಗಿಗೆ ‘ನೀವು’ ಎಂದೇ ಅನ್ನಬೇಕು. ರವಿಯದು ಮೊದಲಿನಿಂದಲೂ ‘ನೀನು’, ಜೊತೆಗೆ ‘ಮಾರಾಯ್ತಿ’. ಹೀಗಿರುವಾಗ ಅನಂತನ ಬಾಯಿಂದ ಮೊದಲ ‘ನೀನು’ ಹೊರಡುವ ಗಳಿಗೆಯೇ ನಿನ್ನ ಪ್ರೇಮದೃಶ್ಯ. ಅದನ್ನು 17 ಅಥವಾ 18ನೇ ಅಧ್ಯಾಯದವರೆಗೆ ಕಾಪಾಡಿಕೋ. ಲೆಕ್ಕದಲ್ಲೂ ಅಷ್ಟೆ: 1957ರಲ್ಲಿ ನಯಾಪೈಸೆ ಬಂದಾಗ ಅವನಿಗೆ ಹನ್ನೊಂದು. ಅವನು ಮಗ್ಗಿ ಕಲಿತದ್ದು ರೂಪಾಯಿಗೆ 16 ಆಣೆಯ ಕಾಲದಲ್ಲಿ. ಮೇಘನಾ ಅಂಗಡಿಯಲ್ಲಿ ಫೋನ್ ತೋರಿಸಿ ದುಡ್ಡು ಕೊಡುವಾಗ ಅವನ ಕೈ ಜೇಬಿನಲ್ಲಿ ಎಂಟಾಣೆ ತಡಕಲಿ.

ಅವಳು ಮಲಗಿರುವಾಗ ಅವನು ಕೋಣೆಯಲ್ಲಿ ನಿಂತು ನೋಡುವ 19ನೇ ಅಧ್ಯಾಯವನ್ನು ದಯವಿಟ್ಟು ತೆಗೆ. ಅವಳಿಗೆ ಗೊತ್ತಿಲ್ಲದೆ ನಡೆಯುವುದನ್ನು ಪ್ರೀತಿ ಎಂದು ನಿನ್ನ ವಯಸ್ಸಿನ ಓದುಗರಿಗೆ ಕೊಡಬೇಡ. ಅಂಗಳದಲ್ಲೇ ನಿಂತು ಕರೆಯಲಿ, ಬೇಡವೆಂದರೆ ಹಿಂತಿರುಗಲಿ. ಮೇಘನಾಗೂ ಹದಿನೇಳೇ, ಆದ್ದರಿಂದ ಕೈಗೆ ಕೈ ತಾಗುವುದಕ್ಕಿಂತ ಮುಂದೆ ಹೋಗಬೇಡ. ನೀರಿನಡಿಯ ವರ್ಷಗಳೆಲ್ಲ ಅವನಿಗೆ ಒಂದೇ ರಾತ್ರಿಯಂತೆ ಕಳೆದವು ಎಂದು ಮೊದಲೇ ಹೇಳಿಬಿಡು. ಇಲ್ಲದಿದ್ದರೆ ಎಂಬತ್ತರ ಹತ್ತಿರದ ಮನಸ್ಸೊಂದು ಹದಿನೇಳರ ಹುಡುಗಿಯ ಹಿಂದೆ ಬಿದ್ದಂತೆ ಕಾಣುತ್ತದೆ.

ಕೊನೆಯಲ್ಲಿ ರವಿಯನ್ನು ಬೈಕ್ ಅಪಘಾತದಲ್ಲಿ ಸಾಯಿಸಿದ್ದೀಯ. ಅವಳು ಆರಿಸುವ ಮೊದಲೇ ಲಾರಿ ಬಂದು ಆರಿಸಿಬಿಟ್ಟಿತು. ಅದು ಬೇಡ. ಅಲ್ಲಿಂದ ತಿದ್ದಲು ಶುರುಮಾಡಲೂ ಬೇಡ. ಮೊದಲು ಇನ್ನೂ ಬರೆಯದ ಒಂದು ದೃಶ್ಯವನ್ನು ಬರೆದು ಕಳಿಸು: ಸಂಜೆ, ರವಿಯ ಮನೆಯ ಜಗಲಿ, ಅಡಿಕೆ ಸುಲಿಯುತ್ತಿರುವ ಅಜ್ಜ ತಲೆ ಎತ್ತಿ, ಮೇಘನಾಳ ಹಿಂದೆ ಬೇಲಿಯ ದಣಪೆಯ ಹತ್ತಿರ ನಿಂತವನ ಮುಖ ನೋಡುತ್ತಾರೆ. ನಾಲ್ಕು ಪುಟ ಸಾಕು.

ನಿನ್ನ
ಅಕ್ಕ