ಹಿರೀಸಾವೆ ಆದ ಮೇಲೆ ಚನ್ನರಾಯಪಟ್ಟಣ

ಈ ಸಲದ ಕಡಲೆಕಾಯಿ ಪರಿಷೆಗೆ ಅಪ್ಪ ನಡೆದುಕೊಂಡೇ ಬಂದರು. ಹನುಮಂತನಗರದ ನಮ್ಮ ಮನೆಯಿಂದ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯವರೆಗೆ. ಎಡಗೈಯಲ್ಲಿ ಕೋಲು, ಬಲಗಡೆಗೆ ನಾನು. ದಾರಿಯಲ್ಲಿ ಮೂರು ಕಡೆ ಕೂತು ಸುಧಾರಿಸಿಕೊಂಡೆವು. ಒಂದು ಕಡೆ ಹೂವು ಮಾರುವಾಕೆ ತಾವು ಎದ್ದು ನಿಂತು ಸ್ಟೂಲ್ ಕೊಟ್ಟರು.

ಹೋದ ವರ್ಷ, 2024ರ ನವೆಂಬರ್‌ನಲ್ಲಿ, ಪರಿಷೆಯ ದಿನ ಬೆಳಿಗ್ಗೆಯೇ ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಕಾರ್ತಿಕದ ಕಡೇ ಸೋಮವಾರದಿಂದ ಕಾರ್ತಿಕದ ಕಡೇ ಸೋಮವಾರಕ್ಕೆ ಒಂದು ವರ್ಷ. ಈ ವರ್ಷ ನಮ್ಮನ್ನು ದಾಟಿಸಿದವರಿಗೆ ಎದುರಿಗೆ ನಿಂತು ಥ್ಯಾಂಕ್ಸ್ ಹೇಳಬೇಕು ಅಂತ ತುಂಬಾ ಆಸೆ. ಆದರೆ ಎಷ್ಟೋ ಜನರ ಹೆಸರು ಕೂಡ ನನಗೆ ಗೊತ್ತಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. 33 ವರ್ಷ ಸರ್ವಿಸ್. ಅದರಲ್ಲಿ ಜಾಸ್ತಿ ವರ್ಷ ಓಡಾಡಿದ್ದು ಬೆಂಗಳೂರು, ಹಾಸನ, ಬೇಲೂರು ರೂಟಿನಲ್ಲಿ. ಬೇಲೂರಿಗೆ ಎಷ್ಟು ಸಲ ಹೋಗಿದ್ದೀರಿ ಅಂತ ಕೇಳಿದರೆ ಲೆಕ್ಕ ಇಲ್ಲ ಅನ್ನುತ್ತಿದ್ದರು. ದೇವಸ್ಥಾನ ಹೇಗಿದೆ ಅಂತ ಕೇಳಿದರೆ, 'ನೋಡಿಲ್ಲಮ್ಮ' ಅನ್ನುತ್ತಿದ್ದರು. ರಾತ್ರಿ ಹಾಲ್ಟ್, ಬಸ್ಸಿನಲ್ಲೇ ನಿದ್ದೆ, ಬೆಳಗಿನ ಜಾವ ಮತ್ತೆ ಫಸ್ಟ್ ಟ್ರಿಪ್. ವೇಬಿಲ್ಲು, ಕಲೆಕ್ಷನ್ನು, ಚಿಲ್ಲರೆ. ನಮ್ಮಪ್ಪನಿಗೆ ಗೊತ್ತಿದ್ದಿದ್ದು ಊರುಗಳ ಬಸ್ ಸ್ಟ್ಯಾಂಡ್, ಬಸ್ ಸ್ಟ್ಯಾಂಡಿನ ಆಚೆ ಇದ್ದ ಊರಲ್ಲ. ಅಮ್ಮನಿಗೆ ಅದೂ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದಿದ್ದು ಅಪ್ಪನಿಗೆ ಕಟ್ಟಿ ಕೊಡುವ ಊಟದ ಕ್ಯಾರಿಯರ್.

ಆವತ್ತು ಬೆಳಿಗ್ಗೆ ಕಾಫಿ ಲೋಟ ಅಪ್ಪನ ಕೈಯಿಂದ ಜಾರಿ ಬಿತ್ತು. ಏನೋ ಹೇಳಿದರು, ಮಾತು ತೊದಲಿತು. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಬಿಪಿ ಜಾಸ್ತಿ ಆಗಿದೆ, ಮಾತ್ರೆ ತಗೊಂಡು ಮಲಗಲಿ ಅಂದರು. ಮನೆಗೆ ವಾಪಸ್ ಬಂದು ಹಾಸಿಗೆ ಹಾಸುತ್ತಿದ್ದೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಬಾಗಲಕೋಟೆ ಕಡೆಯ ಹುಡುಗಿ, ನರ್ಸಿಂಗ್ ಓದುತ್ತಿರುವವಳು, ನೀರಿನ ಮೋಟರ್ ಹಾಕಲು ಕೆಳಗೆ ಬಂದಿದ್ದಳು. ಅಪ್ಪನ ಮುಖ ನೋಡಿ ಅಲ್ಲೇ ನಿಂತಳು.

'ಅಜ್ಜಾರ, ಒಂದ್ಸಲ ನಗ್ರಿ' ಅಂದಳು. ಬಾಯಿ ಒಂದು ಕಡೆಗೆ ಎಳೆಯಿತು. 'ಎರಡೂ ಕೈ ಮ್ಯಾಲೆ ಎತ್ರಿ' ಅಂದಳು. ಬಲಗೈ ಅರ್ಧಕ್ಕೇ ಇಳಿಯಿತು. 'ಅಕ್ಕಾರ, ಮಲಗಸಬ್ಯಾಡ್ರಿ. ಇದು ಲಕ್ವಾ ಐತಿ. ಈಗಿಂದೀಗ ದೊಡ್ಡ ದವಾಖಾನಿಗೆ ನಡೀರಿ.'

ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಸ್ಟ್ರೋಕ್ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಇದು ನನಗೆ ಗೊತ್ತಾಗಿದ್ದು ಆಮೇಲೆ. ನಾವು ಆಸ್ಪತ್ರೆ ಮುಟ್ಟಿದಾಗ ಕಾಫಿ ಲೋಟ ಜಾರಿ ಎರಡು ಗಂಟೆ ಹತ್ತು ನಿಮಿಷ ಕಳೆದಿತ್ತು. ಅಪ್ಪ ಮಲಗಿದ್ದರೆ ಮಧ್ಯಾಹ್ನ ಊಟಕ್ಕೇ ಎಬ್ಬಿಸುತ್ತಿದ್ದೆವು. ಇದನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ನಗಲು ಹೇಳಿ, ಕೈ ಎತ್ತಲು ಹೇಳಿ, ಒಂದು ಮಾತು ಆಡಿಸಿ. ಮೂರರಲ್ಲಿ ಒಂದು ತಪ್ಪಿದರೂ ಕಾಯಬೇಡಿ. ಓದುತ್ತಿರುವ ನೀವೆಲ್ಲ ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಪುಟ್ಟಿ, ನಿನಗೆ ನಮ್ಮ ಮನೆಯವರೆಲ್ಲರ ಕೈ ಮುಗಿದ ನಮಸ್ಕಾರ.

ಆಟೋದವರಿಗೂ. ಪರಿಷೆಯ ಜನಕ್ಕೆ ಬುಲ್ ಟೆಂಪಲ್ ರೋಡ್ ಪೂರ್ತಿ ನಿಂತುಹೋಗಿತ್ತು. 'ಆ ಕಡೆ ಹೋದ್ರೆ ಸಿಕ್ಕಾಕೊಳ್ತೀವಿ ಮೇಡಂ' ಅಂತ ಶ್ರೀನಗರದ ಸಂದಿಗೊಂದಿಗಳಲ್ಲಿ ನುಗ್ಗಿಸಿದರು. ನಾವು ಒಳಗೆ ಓಡಿದ ಮೇಲೆ ಅವರು ಹೋಗಿರುತ್ತಾರೆ ಅಂದುಕೊಂಡಿದ್ದೆ. ಸ್ಕ್ಯಾನಿಂಗ್ ಮುಗಿಯುವವರೆಗೂ ಗೇಟಿನ ಹತ್ತಿರ ನಿಂತಿದ್ದು, ಮತ್ತೆ ಮನೆಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬಂದರು. ಗಾಡಿ ನಂಬರ್ ಬರೆದುಕೊಳ್ಳುವ ಬುದ್ಧಿ ನನಗೆ ಆಗ ಬರಲಿಲ್ಲ. ಆಟೋ ಹಿಂದೆ 'ತಾಯಿಯ ಆಶೀರ್ವಾದ' ಅಂತ ಇತ್ತು. ಈ ಊರಿನಲ್ಲಿ ಅಂಥ ಆಟೋ ಎಷ್ಟಿವೆಯೋ. ಪ್ರತಿಯೊಂದನ್ನೂ ಇಣುಕಿ ನೋಡುತ್ತೇನೆ. ಅಣ್ಣಾ, ನೀವು ಯಾರಾದರೂ ಆಗಿರಿ, ಅಪ್ಪ ಚೆನ್ನಾಗಿದ್ದಾರೆ.

ಹನ್ನೊಂದು ದಿನ ಆಸ್ಪತ್ರೆ. ಡಾಕ್ಟರುಗಳಿಗೆ, ಸಿಸ್ಟರುಗಳಿಗೆ, ರಾತ್ರಿ 'ನಾನು ನೋಡ್ಕೊತೀನಿ, ನೀವು ಎರಡು ಗಂಟೆ ಮಲಗಿ ಅಮ್ಮ' ಅಂದ ಆಯಾಗೆ ನಾವು ಋಣಿ. ರಜೆ ಕೇಳಿದಾಗ ಒಂದು ಪ್ರಶ್ನೆಯನ್ನೂ ಕೇಳದ ನನ್ನ ಮ್ಯಾನೇಜರಿಗೆ, ಪುಣೆಯಿಂದ ತಿಂಗಳಿಗೆರಡು ಸಲ ಬಂದು ಹೋದ ತಮ್ಮನಿಗೆ, ಅಡುಗೆಮನೆ ಪೂರ್ತಿ ವಹಿಸಿಕೊಂಡ ನನ್ನ ಯಜಮಾನರಿಗೆ ಕೂಡ.

ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಬಲಗಾಲು ಎಳೆಯುತ್ತಿತ್ತು, ಬಲಗೈ ಮಾತು ಕೇಳುತ್ತಿರಲಿಲ್ಲ. ಅದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಮಾತು. ನಾವು ಹೇಳಿದ್ದೆಲ್ಲ ಅಪ್ಪನಿಗೆ ಅರ್ಥವಾಗುತ್ತಿತ್ತು, ಅವರ ಬಾಯಿಗೆ ಪದ ಬರುತ್ತಿರಲಿಲ್ಲ. ನೀರಿಗೂ 'ಅದು', ಟವೆಲಿಗೂ 'ಅದು', ನನಗೂ 'ಅದು'. ದಿನವಿಡೀ ಜನರ ಜೊತೆ ಮಾತಾಡಿಯೇ ಬದುಕಿದ ಮನುಷ್ಯ ಗೋಡೆ ಕಡೆ ತಿರುಗಿ ಕೂರಲು ಶುರುಮಾಡಿದರು.

ಸ್ಪೀಚ್ ಥೆರಪಿಯವರು ಒಂದು ವಿಷಯ ಹೇಳಿಕೊಟ್ಟರು. ಬಾಯಿಪಾಠ ಆದದ್ದು, ಅಂದರೆ ಒಂದು ಎರಡು ಮೂರು, ಸೋಮವಾರ ಮಂಗಳವಾರ, ದೇವರ ನಾಮ, ಇಂಥದ್ದು ಮಾತಿಗಿಂತ ಬೇಗ ವಾಪಸ್ ಬರುವುದುಂಟಂತೆ. 'ಇವರಿಗೆ ಯಾವುದು ಚೆನ್ನಾಗಿ ಬಾಯಿಪಾಠ?' ಅಂತ ಕೇಳಿದರು. ನಾನು ಯೋಚಿಸುತ್ತಿದ್ದೆ. ಅಮ್ಮ ತಕ್ಷಣ ಹೇಳಿದಳು: 'ಸ್ಟೇಜುಗಳು.'

ಮಗಳು ಆಗ ಎಸ್‌ಎಸ್‌ಎಲ್‌ಸಿ. ಅವಳ ಓದಿನ ಮಧ್ಯೆಯೇ ಒಂದು ಚಾರ್ಟಿನಲ್ಲಿ ಆ ಸ್ಟೇಜುಗಳನ್ನು, ಅಂದರೆ ದಾರಿಯಲ್ಲಿ ಬಸ್ಸು ನಿಲ್ಲುವ ಊರುಗಳನ್ನು, ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮ, ಹಾಸನ. ದಿನಾ ಸಂಜೆ ತಾತ ಮೊಮ್ಮಗಳು ಮೆಜೆಸ್ಟಿಕ್ಕಿನಿಂದ ಹೊರಡುತ್ತಿದ್ದರು. ನೆಲಮಂಗಲ ಬಂತು. ಕುಣಿಗಲ್ ಬಂತು. ಹಿರೀಸಾವೆಯವರೆಗೂ ಬಂದು ಗಾಡಿ ನಿಂತುಬಿಡುತ್ತಿತ್ತು. 'ಚ... ಚ...' ಅಂತ ಅಪ್ಪ ಕಣ್ಣು ಮುಚ್ಚಿಕೊಂಡು ಕಷ್ಟಪಡುತ್ತಿದ್ದರು. ನಾವು ಯಾರೂ ಹೇಳಿಕೊಡಬಾರದು ಅಂತ ಕಟ್ಟಪ್ಪಣೆ ಆಗಿತ್ತು. ಸುಮ್ನೆ ಕಾಯುತ್ತಿದ್ದೆವು. ಮೂರು ವಾರ ಹೀಗೇ ಹೋಯಿತು.

ಜನವರಿಯ ಒಂದು ಮಧ್ಯಾಹ್ನ. ಅಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಯಾರೂ ಏನೂ ಕೇಳಿರಲಿಲ್ಲ. ಕುರ್ಚಿಯ ಮೇಲಿಂದ ಅಪ್ಪನ ಹಳೇ ದನಿ ಬಂತು, ಬಸ್ಸಿನ ಕಡೇ ಸೀಟಿಗೂ ಕೇಳಿಸುವಂಥದ್ದು: 'ಚನ್ನರಾಯಪಟ್ಟಣ ಯಾರ್ರೀ ಇಳಿಯೋರು?'

ಅಮ್ಮನ ಮಡಿಲಿನ ಮೊರ ಜಾರಿ ಕಾಳೆಲ್ಲ ನೆಲಕ್ಕೆ ಚೆಲ್ಲಿತು. 'ನಾನು ಇಳೀತೀನಿ' ಅಂದಳು. ಅತ್ತುಕೊಂಡೇ ಅಂದಳು.

ಬಲಗೈ ವಾಪಸ್ ಬಂದಿದ್ದು ಫಿಸಿಯೋಥೆರಪಿ ಮೇಡಂನಿಂದ. ಹೆಬ್ಬೆರಳು ತೋರುಬೆರಳಿಗೆ ಮುಟ್ಟುತ್ತಲೇ ಇರಲಿಲ್ಲ. ಡಬ್ಬಿಯೊಳಗೆ ನಾಣ್ಯ ಹಾಕುವ ಅಭ್ಯಾಸ ಕೊಟ್ಟರೆ ಅಪ್ಪ ಮುಖ ತಿರುಗಿಸುತ್ತಿದ್ದರು. ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ತಿಳಿದ ಮಾರನೇ ದಿನ ಮೇಡಂ ಬಂದು ಎದುರಿನ ಕುರ್ಚಿಯಲ್ಲಿ ಕೂತು, 50ರ ನೋಟು ಚಾಚಿ, 'ಒಂದು ಕುಣಿಗಲ್ ಕೊಡಿ ಸಾರ್' ಅಂದರು. ಅಪ್ಪ ನೋಟು ನೋಡಿದರು. ಅವರ ಮುಖ ನೋಡಿದರು. ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ಡಬ್ಬಿಗೆ ಹಾಕಿದರು. ಐದರ ಒಂದು ನಾಣ್ಯ ಬೆರಳಿಗೆ ಸಿಕ್ಕಿ, ಜಾರಿ, ಮತ್ತೆ ಸಿಕ್ಕಿ ಅವರ ಅಂಗೈಗೆ ಬೀಳಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮೇಡಂ ಚಾಚಿದ ಕೈ ಇಳಿಸಲಿಲ್ಲ. 'ಬಸ್ಸು ನಿಂತಿರುತ್ತೆ ಸಾರ್, ನಿಧಾನಕ್ಕೆ ಕೊಡಿ' ಅಂದರು. ಐದು ತಿಂಗಳು ವಾರಕ್ಕೆ ಮೂರು ದಿನ ಅವರು ಕುಣಿಗಲ್‌ಗೆ ಟಿಕೆಟ್ ತಗೊಂಡರು.

ಊರು ಸುತ್ತುವ ಯೋಚನೆ ಅಮ್ಮನದು. 'ಬಾಯಲ್ಲಿ ಹೇಳ್ತಿರೋ ಊರಿಗೆ ಒಂದ್ಸಲ ಕರ್ಕೊಂಡು ಹೋಗೋಣ ಕಣೇ. ಇಳಿಸಿ ತೋರಿಸೋಣ' ಅಂದಳು. ನನಗೆ ಭಯ. ಮೊದಲು ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಿಂದ ಲಾಲ್‌ಬಾಗ್ ಸ್ಟೇಷನ್ನಿಗೆ ಹೋದೆವು. ಒಂದೇ ಒಂದು ನಿಲ್ದಾಣ. ಲಿಫ್ಟಿನವರೆಗೂ ಜೊತೆಗೆ ಬಂದ ಸೆಕ್ಯೂರಿಟಿ ಅಣ್ಣ, ಬಾಗಿಲ ಹತ್ತಿರದ ಸೀಟು ಬಿಟ್ಟುಕೊಟ್ಟ ಹುಡುಗ, ಇಬ್ಬರಿಗೂ ಥ್ಯಾಂಕ್ಸ್. ಆವತ್ತು ಲಾಲ್‌ಬಾಗಿನ ಬೆಂಚಿನ ಮೇಲೆ ಕೂತು ಧೈರ್ಯ ಬಂತು.

ಮಗಳ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಯಡಿಯೂರು, ಸಿದ್ಧಲಿಂಗೇಶ್ವರನ ದರ್ಶನ. ಕಾರು ಮಾಡೋಣ ಅಂದರೆ ಅಪ್ಪ ಒಪ್ಪಲಿಲ್ಲ. ಕೆಂಪು ಬಸ್ಸೇ ಆಗಬೇಕು. ಮೆಟ್ಟಿಲು ಎತ್ತರ, ಹತ್ತುವುದಕ್ಕೆ ತುಂಬಾ ಹೊತ್ತಾಯಿತು. ಕಂಡಕ್ಟರ್ ಹೆಣ್ಣುಮಗಳು ಕೆಳಗಿಳಿದು ಬಂದು ಹಿಂದಿನಿಂದ ಹಿಡಿದುಕೊಂಡು, 'ಅಣ್ಣಾ, ಹಿರಿಯರು ಕೂರಲಿ, ಆಮೇಲೆ ಎತ್ತಿ' ಅಂತ ಡ್ರೈವರಿಗೆ ಕೂಗಿದಳು. ಅಪ್ಪ ಸೀಟಿನಲ್ಲಿ ಕೂತು, ಉಸಿರು ಬಿಟ್ಟು, 'ರೈಟ್' ಅಂದರು. ಬಸ್ಸು ಹೊರಟಿತು. ಅಮ್ಮನಿಗೂ ನನಗೂ ಮಗಳಿಗೂ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು, ದುಡ್ಡು ಕೊಟ್ಟವರು ಅಪ್ಪ ಒಬ್ಬರೇ.

ಜೂನ್‌ನಲ್ಲಿ ಚನ್ನರಾಯಪಟ್ಟಣ ಇಳಿದು ಶ್ರವಣಬೆಳಗೊಳ. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು. ಡೋಲಿ ಇದೆ. ಆದರೆ ಇನ್ನೊಬ್ಬರ ಹೆಗಲ ಮೇಲೆ ಕೂರಲು ಅಪ್ಪನಿಗೆ ಸಂಕೋಚ. 'ಬೇಡ, ಬೇಡ' ಅಂದರು. ಅಮ್ಮನ ಬಾಯಲ್ಲಿ ಅಪ್ಪನ ಕೆಲಸದ ವಿಷಯ ಕೇಳಿದ್ದ ಡೋಲಿಯವರೊಬ್ಬರು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, 'ಯಜಮಾನ್ರೇ, ಇಷ್ಟು ವರ್ಷ ಎಲ್ಲಾರ್ನೂ ನೀವು ಊರು ಮುಟ್ಟಿಸಿದ್ದೀರಿ. ಇವತ್ತೊಂದಿನ ನಾವು ಮುಟ್ಟಿಸ್ತೀವಿ ಬನ್ನಿ' ಅಂದರು. ಚಾವುಂಡರಾಯ ಮಾಡಿಸಿ ಸಾವಿರ ವರ್ಷ ದಾಟಿದ ಬಾಹುಬಲಿ, ಸುಮಾರು 57 ಅಡಿ. ಅಪ್ಪ ಕತ್ತು ಎತ್ತಿ ನೋಡಿದರು, ಏನೂ ಮಾತಾಡಲಿಲ್ಲ. ಆ ನಾಲ್ಕು ಜನರ ಹೆಗಲಿಗೆ ಏನು ಕೊಟ್ಟರೂ ಸಾಲದು.

ಅಕ್ಟೋಬರ್‌ನಲ್ಲಿ ಬೇಲೂರು. ಹಾಸನದಲ್ಲಿ ಬಸ್ಸು ಬದಲಿಸುವಾಗ ಅಪ್ಪನಿಗೆ ಟಾಯ್ಲೆಟ್ಟಿಗೆ ಅರ್ಜೆಂಟಾಯಿತು. ಕುಕ್ಕರಗಾಲಲ್ಲಿ ಕೂರಲು ಅವರಿಗೆ ಆಗುವುದಿಲ್ಲ. ಒಂದು ಹೋಟೆಲಿನವರು ಆಗಲ್ಲ ಅಂದರು, ಇನ್ನೊಂದು ಕಡೆ ಮೆಟ್ಟಿಲು. ನನಗೆ ಅಳು ಬರುವಂತಾಗಿತ್ತು. ಒಂದು ಬಟ್ಟೆ ಅಂಗಡಿಯ ಆಂಟಿ ನೋಡಿ, ಅಂಗಡಿ ಹಿಂದಿನ ತಮ್ಮ ಮನೆಗೇ ಕರೆದುಕೊಂಡು ಹೋದರು. ಬಕೆಟ್ಟು, ಒಣ ಟವೆಲ್ಲು ಇಟ್ಟು, 'ನಮ್ಮತ್ತೆಗೂ ಹೀಗೇ ಆಗಿತ್ತು' ಅಂದರು, ಅಷ್ಟೇ. ಹುಷಾರಿಲ್ಲದವರನ್ನು ಕರೆದುಕೊಂಡು ಊರೂರು ತಿರುಗಿದವರಿಗೆ ಈ ಉಪಕಾರದ ಬೆಲೆ ಗೊತ್ತಿರುತ್ತದೆ. ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ, ದೇವಸ್ಥಾನಗಳಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಕೂರುವಂಥ ಒಂದು ಕಮೋಡು ಇದ್ದರೆ ಎಷ್ಟು ಜನ ಹಿರಿಯರು ಮನೆಯಿಂದ ಹೊರಗೆ ಬರುತ್ತಿದ್ದರು ಅಲ್ವಾ?

ಚೆನ್ನಕೇಶವನ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಜಗತಿಯ, ಮೆಟ್ಟಿಲಿಗೆ ಯಾರೋ ಕಾಲೇಜು ಹುಡುಗರು ಅಪ್ಪನಿಗೆ ಹೆಗಲು ಕೊಟ್ಟರು. ಸೂರಿನ ಕೆಳಗೆ ದರ್ಪಣಸುಂದರಿಯ ಶಿಲ್ಪ. ಕನ್ನಡಿ ಹಿಡಿದು ನಿಂತಿದ್ದಾಳೆ. ಅಪ್ಪ ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಒಂದೊಂದೇ ಪದ ಹುಡುಕಿಕೊಂಡು ಕೇಳಿದರು: 'ಎಷ್ಟು... ವರ್ಷ ಆಯ್ತು... ಕೈ ಎತ್ತಿ?'

'ವಿಷ್ಣುವರ್ಧನನ ಕಾಲ ಅಪ್ಪ, 1117. ಒಂಬೈನೂರು ವರ್ಷದ ಮೇಲಾಯ್ತು' ಅಂದೆ.

'ನೋಯಲ್ವಾ?' ಅಂದರು. ತಮ್ಮ ಬಲಗೈಯನ್ನು ನಿಧಾನವಾಗಿ ಎತ್ತಿದರು. ಭುಜದವರೆಗೆ ಬಂತು. ನಡುಗುತ್ತಿತ್ತು. ಅಮ್ಮ ಪಕ್ಕದಲ್ಲಿ ನಿಂತು ಆ ಮೊಣಕೈ ಕೆಳಗೆ ತನ್ನ ಅಂಗೈ ಇಟ್ಟಳು. ಈ ಇಬ್ಬರೂ ಜೊತೆಯಾಗಿ ಬೇಲೂರು ನೋಡಿದ್ದು ಮದುವೆಯಾದ 44ನೇ ವರ್ಷದಲ್ಲಿ. ಅಮ್ಮಾ, ನಿನಗೆ ಥ್ಯಾಂಕ್ಸ್ ಹೇಳಲು ನನಗೆ ಪದ ಸಿಗುತ್ತಿಲ್ಲ.

ಪರಿಷೆಯಲ್ಲಿ ಅಪ್ಪ ತಾವೇ ಕಡಲೆಕಾಯಿ ಕೊಂಡರು. ರಾಶಿ ಹಾಕಿಕೊಂಡು ಕೂತಿದ್ದ ಹೆಂಗಸು ಸೇರಿನಲ್ಲಿ ಅಳೆದು, ಮೇಲೆ ಒಂದು ಹಿಡಿ ಕೊಸರು ಹಾಕಿದರು. ಅಪ್ಪ ನೋಟು ಕೊಟ್ಟು ಬಲಗೈ ಚಾಚಿದರು. ಚಿಲ್ಲರೆ ಎಣಿಸುತ್ತಾ ಒಂದು ನಾಣ್ಯ ಕೆಳಗೆ ಬಿತ್ತು. ಆಕೆಯ ಮಗ ಅದನ್ನು ಹೆಕ್ಕಿ ಅಪ್ಪನ ಅಂಗೈ ಮೇಲಿಟ್ಟ. ಅಪ್ಪ ಮತ್ತೆ ಮೊದಲಿನಿಂದ ಎಣಿಸಿದರು, ಒಂದೊಂದಾಗಿ, ಹೆಬ್ಬೆರಳಿನಿಂದ ಸರಿಸುತ್ತಾ. ಹಿಂದೆ ಗಿರಾಕಿಗಳು ನಿಂತಿದ್ದರು. ಆಕೆ ಅವರಿಗೆ ಸನ್ನೆ ಮಾಡಿ ಕಾದರು. ಲೆಕ್ಕ ಸರಿ ಇತ್ತು.