ಕಪ್ಪು ವೈರು ಇಲ್ಲಿ ನ್ಯೂಟ್ರಲ್ ಅಲ್ಲ

ಚಿರಂಜೀವಿ ಪುಟ್ಟನಿಗೆ ಹ್ಯೂಸ್ಟನ್‌ನಿಂದ ಮಾವನ ಆಶೀರ್ವಾದಗಳು.

ಡಲ್ಲಾಸ್‌ಗೆ ಬಂದು ಇನ್ನೂ ತಿಂಗಳಾಗಿಲ್ಲ, ಆಗಲೇ ಗೆಳೆಯನ ಗ್ಯಾರೇಜಿಗೆ ವೈರಿಂಗ್ ಮಾಡಿಕೊಡಲು ಒಪ್ಪಿಕೊಂಡಿದ್ದೀಯಂತೆ. ಅಕ್ಕ ಫೋನಿನಲ್ಲಿ ಖುಷಿಯಿಂದ ಹೇಳಿದಳು. ನನಗೆ ಎದೆ ಧಸಕ್ಕೆಂದಿತು.

ನಿನ್ನ ಕೈಕೆಲಸ ನನಗೆ ಗೊತ್ತು. ಆದರೆ ದಾವಣಗೆರೆಯಲ್ಲಿ ತಗೊಂಡ ವೈರ್‌ಮನ್ ಪರ್ಮಿಟ್ ಟೆಕ್ಸಾಸ್‌ನಲ್ಲಿ ನಡೆಯುವುದಿಲ್ಲ. ಮನೆ ಯಜಮಾನ ತನ್ನ ಮನೆಯದು ತಾನೇ ಮಾಡಿಕೊಳ್ಳಬಹುದು. ನೀನು ಬೇರೆಯವರಿಗೆ ಮಾಡಿಕೊಡಬೇಕಾದರೆ ಇಲ್ಲಿನ ಲೈಸೆನ್ಸ್ ಬೇಕು.

ಮೊದಲು ಅಪ್ರೆಂಟಿಸ್, ಅಂದರೆ ಕಲಿಯುವವನ ಲೈಸೆನ್ಸಿಗೆ ಅರ್ಜಿ ಹಾಕು. ಅದಕ್ಕೆ ಪರೀಕ್ಷೆಯೇನೂ ಇಲ್ಲ. ಆಮೇಲೆ ಮೇಲಿನ ದರ್ಜೆಯ ಲೈಸೆನ್ಸ್ ಇರುವ ಮಾಸ್ಟರ್ ಎಲೆಕ್ಟ್ರಿಷಿಯನ್ ಕೈಕೆಳಗೆ ದುಡಿದ ಗಂಟೆಗಳದ್ದೇ ಲೆಕ್ಕ. ಅಪ್ರೆಂಟಿಸ್‌ಗಿಂತ ಮೇಲಿನ ದರ್ಜೆಯಾದ ಜರ್ನಿಮನ್ ಆಗಲು 8,000 ಗಂಟೆ, ವಾರಕ್ಕೆ 40ರಂತೆ ಸುಮಾರು 4 ವರ್ಷ. 7,000 ಆದಾಗಲೇ ಪರೀಕ್ಷೆಗೆ ಕೂರಬಹುದು. ಬರೀ ಮನೆ ಕೆಲಸ ಸಾಕು ಅಂದರೆ 4,000 ಗಂಟೆಗೆ ರೆಸಿಡೆನ್ಶಿಯಲ್ ವೈರ್‌ಮನ್ ಅಂತ ಇದೆ. ಹೆಸರು ನೋಡಿ ನಮ್ಮೂರಿನದೇ ಅಂದುಕೊಳ್ಳಬೇಡ!

ಆ ಗಂಟೆಗಳಿಗೆ ಮಾಸ್ಟರ್ ಸಹಿ ಹಾಕಬೇಕು. ನಾನು ಮೊದಲ ಕೆಲಸ ಬಿಟ್ಟಾಗ ಸಹಿ ಕೇಳಲು ಸಂಕೋಚಪಟ್ಟೆ. ಆಮೇಲೆ ಆ ಅಂಗಡಿಯೇ ಮುಚ್ಚಿತು. ಒಂದು ವರ್ಷದ ಬೆವರು ಲೆಕ್ಕಕ್ಕೇ ಬರಲಿಲ್ಲ. ನೀನು ಕೆಲಸ ಬಿಡುವ ದಿನವೇ ಸಹಿ ಮಾಡಿಸಿಕೋ.

ಇನ್ನು ಕೋಡ್, ಅಂದರೆ ವೈರಿಂಗ್ ನಿಯಮ. ಇಲ್ಲಿ ಅದಕ್ಕೆ ಎನ್‌ಇಸಿ (ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್) ಅನ್ನುತ್ತಾರೆ. ಆ ಪುಸ್ತಕ 3 ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಅಚ್ಚಾದ ಮಾತ್ರಕ್ಕೆ ಅದು ಕಾನೂನಲ್ಲ, ರಾಜ್ಯವೋ ಊರೋ ಒಪ್ಪಿಕೊಳ್ಳಬೇಕು. 2023ರ ಪುಸ್ತಕವನ್ನು ಟೆಕ್ಸಾಸ್ ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿತು. ಅದರ ಮೇಲೆ ನಗರಗಳ ತಿದ್ದುಪಡಿ ಬೇರೆ. ಪೆನ್ಸಿಲ್ವೇನಿಯಾದಲ್ಲಂತೂ ಎಲೆಕ್ಟ್ರಿಷಿಯನ್‌ಗೆ ರಾಜ್ಯದ ಲೈಸೆನ್ಸೇ ಇಲ್ಲ, ಊರೂರಿಗೆ ಒಂದೊಂದು ನಿಯಮ. ಅಲ್ಲಿರುವ ಗೆಳೆಯ ಹೇಳಿದ ಅಂತ ಇಲ್ಲಿ ಕೈ ಹಾಕಬೇಡ.

ನನಗೆ ಜಾಸ್ತಿ ಭಯ ಇರುವುದು ನಿನ್ನ ಕೈಯ ರೂಢಿಯ ಬಗ್ಗೆ. ಊರಲ್ಲಿ ಕರೆಂಟ್ ಬರುವ ಫೇಸ್ ಕೆಂಪು, ವಾಪಸ್ ಹೋಗುವ ನ್ಯೂಟ್ರಲ್ ಕಪ್ಪು ಅಲ್ವಾ? ಇಲ್ಲಿ ಕರೆಂಟ್ ಬರುವುದೇ ಕಪ್ಪಿನಲ್ಲಿ, ಬಿಳಿ ನ್ಯೂಟ್ರಲ್. ಬಂದ ಹೊಸದರಲ್ಲಿ ನನ್ನ ಕೈ ತಾನಾಗೇ ಕಪ್ಪಿನ ಕಡೆ ಹೋಗಿತ್ತು. ಪಕ್ಕದವನು ಕಿರುಚಿದ್ದಕ್ಕೆ ಬದುಕಿದೆ. 120 ವೋಲ್ಟ್ ಅಷ್ಟೇ ಅಂತ ಸಸಾರ ಮಾಡಬೇಡ. ಊರಿನ ಮನೆಗಳಲ್ಲಿ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು. ಇಲ್ಲಿ ಅದೇ ಕೆಲಸ ಮಾಡುವ ಜಿಎಫ್‌ಸಿಐ 5ರ ಆಸುಪಾಸಿನಲ್ಲೇ ಟ್ರಿಪ್ ಆಗುತ್ತದೆ. ಗ್ಯಾರೇಜಿಗೂ ಅದು ಕಡ್ಡಾಯ. ಎನ್‌ಇಸಿ ಪುಸ್ತಕದಲ್ಲಿ 210.8ನೇ ನಿಯಮ ತೆಗೆದು ನೋಡು.

ಆ ಗೆಳೆಯನಿಗೆ ಇವತ್ತೇ ಫೋನ್ ಮಾಡಿ ಆಗಲ್ಲ ಅನ್ನು. ಬೇಜಾರಾದರೆ ನನ್ನ ಹೆಸರು ಹೇಳು.

ಇಂತಿ ನಿನ್ನ ಮಾವ